ಎಷ್ಟು ಎಂಬಿ ಮಾಡಲಿ?

ಟ್ಯಾಬ್ಲೆಟ್ಟಿನಲ್ಲಿ ನೋಡಲು ಸಿನಿಮಾ ಕುಗ್ಗಿಸಲು ಕೂತವರೆಲ್ಲ ಮೊದಲು ಕೇಳುವುದು ‘ಎಷ್ಟು ಎಂಬಿ ಮಾಡಲಿ?’ ಎಂದು. ಆ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಹಟ. ಎಚ್.264 ಕಡತ ಮಾಡುವ ಎಕ್ಸ್264 ತಂತ್ರಾಂಶಕ್ಕೆ ಸಿಆರ್‌ಎಫ್ ಎಂಬ ಒಂದು ಅಂಕಿ ಕೊಟ್ಟರೆ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಹದದಲ್ಲಿ ನಿಲ್ಲುತ್ತದೆ, ಗಾತ್ರ ಚಿತ್ರಕ್ಕೆ ತಕ್ಕಂತೆ ಏರಿಳಿಯುತ್ತದೆ. ನಾವೇನೂ ಹೇಳದಿದ್ದರೆ ಅದು ಹಿಡಿಯುವ ಅಂಕಿ 23; ಆರು ಇಳಿಸಿದರೆ ಗಾತ್ರ ಸುಮಾರು ಇಮ್ಮಡಿ. ಕೈಯಲ್ಲಿ ಹಿಡಿದು ನೋಡುವ ಹತ್ತಿಂಚಿನ ಪರದೆಗೆ 20ರ ಆಸುಪಾಸು ಧಾರಾಳವಾಯಿತು.

1977ರ ‘ಘಟಶ್ರಾದ್ಧ’ದಂಥ ಕಪ್ಪುಬಿಳುಪು ಚಿತ್ರವನ್ನೇ ತೆಗೆದುಕೊಳ್ಳಿ. ಬಣ್ಣವೇ ಇಲ್ಲವಲ್ಲ, ಅರ್ಧಕ್ಕರ್ಧ ಉಳಿಯಬೇಕು ಎಂದು ಲೆಕ್ಕ ಹಾಕುವವರಿದ್ದಾರೆ. ಉಳಿಯುವುದಿಲ್ಲ. ಮಾಮೂಲಿ ವಿಡಿಯೊದಲ್ಲಿ ನಾಲ್ಕು ಬಿಂದುಗಳಿಗೆ ಬೆಳಕಿನ ಅಂಕಿ ನಾಲ್ಕಾದರೆ ಬಣ್ಣದ್ದು ಎರಡೇ. ಆ ಎರಡೂ ಸಾಮಾನ್ಯವಾಗಿ ಅಗ್ಗದಲ್ಲೇ ಮುಗಿಯುತ್ತವೆ. ಬಿಟ್ ನುಂಗುವುದು ಫಿಲ್ಮಿನ ಗ್ರೇನ್. ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸುವ ಆ ಕಣಗಳನ್ನು ಹಿಂದಿನ ಫ್ರೇಮು ನೋಡಿ ಊಹಿಸುವಂತಿಲ್ಲ. ಹಾಗಾಗಿ ಹಳೆಯ ಕಪ್ಪುಬಿಳುಪು ಚಿತ್ರವೇ ಈಚಿನ ನುಣುಪು ಡಿಜಿಟಲ್ ಚಿತ್ರಕ್ಕಿಂತ ದಪ್ಪವಾಗಬಹುದು. ಎರಡಕ್ಕೂ 700 ಎಂಬಿ ಎಂದು ಪಟ್ಟು ಹಿಡಿದರೆ ಒಂದಕ್ಕೆ ದುಂದು, ಇನ್ನೊಂದಕ್ಕೆ ಉಪವಾಸ. (ಆ 700 ಒಂದು ಸಿಡಿಯ ಅಳತೆ. ಸಿಡಿ ಹೋಯಿತು, ಅಂಕಿ ಹೋಗಲಿಲ್ಲ.) ಇದಕ್ಕೂ ಮಿಗಿಲಾದ ಒಂದು ಪಂಗಡವಿದೆ: ಗಾತ್ರ ಹೊಂದಿಸಲೆಂದು ಡಿನಾಯ್ಸ್ ಫಿಲ್ಟರು ಹಾಕಿ ಗ್ರೇನನ್ನೇ ಒರೆಸಿಬಿಡುವವರು. ಮುಖದ ಸುಕ್ಕು, ಮಣ್ಣುಗೋಡೆಯ ಒರಟು, ಸೀರೆಯ ನೇಯ್ಗೆ ಎಲ್ಲವೂ ಒಂದೇ ನುಣುಪಾಗುತ್ತವೆ. ಆಮೇಲೆ ‘ಕ್ಲಿಯರ್ ಪ್ರಿಂಟ್’ ಎಂದು ಹಂಚುತ್ತಾರೆ! ಛಾಯಾಗ್ರಾಹಕ ಕತ್ತಲಲ್ಲಿ ಇಷ್ಟಿಷ್ಟೇ ಉಳಿಸಿದ ಬೆಳಕನ್ನು ಒರೆಸಲು ಇವರಿಗೆ ಯಾರು ಹೇಳಿದರು?

ಟ್ಯಾಬ್ಲೆಟ್ಟಿನಲ್ಲಿ ಜಾಗ ಕಡಿಮೆ, ಅದಕ್ಕೇನು ಮಾಡೋಣ ಎನ್ನಬಹುದು. ನ್ಯಾಯವೇ. ಆದರೆ ಕತ್ತರಿ ಹಾಕಬೇಕಾದದ್ದು ಬೇರೆ ಕಡೆ. 2012ರ ರೆಟಿನಾ ಐಪ್ಯಾಡಿನ ಪರದೆ 2048×1536. ಅದರಲ್ಲಿ 2.39:1ರ ಸ್ಕೋಪ್ ಚಿತ್ರಕ್ಕೆ ದಕ್ಕುವುದು ಸುಮಾರು 857 ಗೆರೆ, ಮಿಕ್ಕದ್ದೆಲ್ಲ ಕಪ್ಪು. ಅಲ್ಲಿಗೆ 4ಕೆ ಕಡತ ತುಂಬುವವರು ಪರದೆ ತೋರಿಸಲಾಗದ ಬಿಂದುಗಳನ್ನು ಹೊತ್ತು ತಿರುಗುತ್ತಾರೆ. ಪಾಲ್ ಡಿವಿಡಿಯ 576 ಗೆರೆಯನ್ನು 1080ಕ್ಕೆ ಹಿಗ್ಗಿಸುವವರದು ಇನ್ನೂ ವಿಚಿತ್ರ. ಆ ಹಿಗ್ಗಿಸುವ ಕೆಲಸವನ್ನು ಟ್ಯಾಬ್ಲೆಟ್ ಬಿಟ್ಟಿಯಾಗಿ ಮಾಡುತ್ತದೆ.

ಹೊಸ ಕೋಡೆಕ್ ಬಂದಮೇಲೆ ಈ ಜಗಳವೆಲ್ಲ ಏಕೆ ಎಂಬ ಮಾತೂ ಉಂಟು. ಎಚ್‌ಇವಿಸಿ ಕಡಿಮೆ ಬಿಟ್ಟಿನಲ್ಲಿ ಹೆಚ್ಚು ಮಾಡುತ್ತದೆ, ಒಪ್ಪಿದೆ. ಚಿಪ್ಪಿನಲ್ಲಿ ಅದನ್ನು ಬಿಡಿಸುವ ಯಂತ್ರಾಂಶ ಇದ್ದರೆ ಅದನ್ನೇ ಆರಿಸಿ. ಹತ್ತು ಬಿಟ್ಟಿನ ಎಚ್.264 ಭಕ್ತರ ಮಾತು ಮಾತ್ರ ಕೇಳಬೇಡಿ. ಆಕಾಶದಲ್ಲಿ ಪಟ್ಟೆ ಕಾಣದು, ನಿಜ. ಆದರೆ ಬಹುತೇಕ ಟ್ಯಾಬ್ಲೆಟ್ಟುಗಳ ಚಿಪ್ಪಿಗೆ ಅದು ಬಾರದ ವಿದ್ಯೆ. ಹೊರೆಯೆಲ್ಲ ಪ್ರೊಸೆಸರಿನ ತಲೆಗೆ ಬಿದ್ದು, ಕ್ಲೈಮ್ಯಾಕ್ಸಿಗೆ ಮೊದಲೇ ಬ್ಯಾಟರಿ ಕೈಕೊಟ್ಟೀತು.