ಸಂಸ್ಥೆಯೂ ಸ್ವಭಾವವೂ

ಒಂದು ಸಂಸ್ಥೆ ಏಕೆ ಏಳುತ್ತದೆ, ಮತ್ತೊಂದು ಏಕೆ ಬೀಳುತ್ತದೆ ಎಂದು ಯಾರಾದರೂ ಕೇಳಿದರೆ, ಅರ್ಥಶಾಸ್ತ್ರ ಓದುವ ನಾವು ಬಂಡವಾಳ, ಬಡ್ಡಿ, ಮಾರುಕಟ್ಟೆ ಎಂದು ಬೆರಳು ಮಡಿಚಿ ಎಣಿಸತೊಡಗುತ್ತೇವೆ. ಇವೆಲ್ಲ ನಿಜವೇ. ಆದರೆ ಮೇಲಿನ ಕುರ್ಚಿಗಳಲ್ಲಿ ಕುಳಿತವರ ಸ್ವಭಾವವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉತ್ತರ ಅರ್ಧವೇ ಆಗುತ್ತದೆಂದು ನನಗೆ ತೋರುತ್ತದೆ.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ೧೯೨೫ರಲ್ಲಿ ಉಡುಪಿಯಲ್ಲಿ ಮೂವರು ಕೂಡಿ ಒಂದು ಬ್ಯಾಂಕನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಉಪೇಂದ್ರ ಅನಂತ ಪೈಗಳು ವ್ಯಾಪಾರಿಗಳು, ವಾಮನ ಕುಡ್ವರು ಇಂಜಿನಿಯರು, ಡಾ. ಟಿ. ಎಂ. ಎ. ಪೈಗಳು ವೈದ್ಯರು. ಮೂಲ ಬಂಡವಾಳ ೮,೦೦೦ ರೂಪಾಯಿ. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗಬೇಕೆಂಬುದು ಉದ್ದೇಶ. ೧೯೨೮ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು, ಎರಡಾಣೆ ಕೊಟ್ಟರೂ ಪಡೆದು ಬರೆದುಕೊಳ್ಳುತ್ತಿದ್ದನು. ಹನಿಗೂಡಿ ಹಳ್ಳವಾಗುವುದೆಂಬ ಗಾದೆಗೆ ಹೀಗೊಂದು ಲೆಕ್ಕದ ಪುಸ್ತಕ ದೊರೆಯಿತು.

ಮೂವರೂ ಬರಿಯ ವ್ಯಾಪಾರಿಗಳಾಗಿದ್ದರೆ, ಎರಡಾಣೆಗಾಗಿ ಆಳನ್ನು ಅಟ್ಟುವುದು ನಷ್ಟದ ಬಾಬೆಂದು ಕೈಬಿಡುತ್ತಿದ್ದರೇನೋ. ಮೂವರೂ ವೈದ್ಯರಾಗಿದ್ದರೆ, ಮರುಕ ಉಕ್ಕಿ ಲೆಕ್ಕ ತಪ್ಪುತ್ತಿತ್ತೇನೋ. ಇದು ನನ್ನ ಊಹೆ ಮಾತ್ರ. ಆದರೂ ಒಬ್ಬನ ಕಣ್ಣಿಗೆ ಬೀಳದ್ದು ಇನ್ನೊಬ್ಬನ ಕಣ್ಣಿಗೆ ಬೀಳುತ್ತದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ಬ್ಯಾಂಕು ೧೯೬೯ರಲ್ಲಿ ರಾಷ್ಟ್ರೀಕರಣಗೊಂಡಿತು. ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಅಳಿದರೂ ‘ಪಿಗ್ಮಿ’ ಎಂಬ ಮಾತು ನಮ್ಮ ಅಂಗಡಿಬೀದಿಗಳಲ್ಲಿ ಇನ್ನೂ ಉಳಿದಿದೆ.

ಹ್ಯಾಂಬ್ರಿಕ್ ಮತ್ತು ಮೇಸನ್ ಎಂಬ ವಿದ್ವಾಂಸರು ೧೯೮೪ರಲ್ಲಿ ಈ ವಿಚಾರವನ್ನು ಸಿದ್ಧಾಂತವಾಗಿ ಮುಂದಿಟ್ಟರು. ಮೇಲಿನವರು ಲೋಕವನ್ನು ನೋಡುವುದು ತಮ್ಮ ಅನುಭವ ಮತ್ತು ಮೌಲ್ಯಗಳ ಮೂಲಕ. ಆದುದರಿಂದ ಸಂಸ್ಥೆಯು ಅವರ ಪ್ರತಿಬಿಂಬವೇ ಆಗುತ್ತದೆ ಎಂಬುದು ಅದರ ಸಾರ.

ಇದರ ವಿಪರೀತವನ್ನು ನಾನು ನಮ್ಮ ಕಡೆಯ ಒಂದು ಸಹಕಾರ ಸಂಘದಲ್ಲಿ ಕಂಡಿದ್ದೇನೆ. ನಿರ್ದೇಶಕರೆಲ್ಲ ಸಜ್ಜನರು, ದುಡ್ಡು ನುಂಗಿದವರಲ್ಲ. ಆದರೆ ಅಧ್ಯಕ್ಷರು ಹೂಂ ಎಂದರೆ ಎಲ್ಲರೂ ಹೂಂ. ಕೇಳಿದವರಿಗೆಲ್ಲ ಸಾಲ ಮಂಜೂರಾಗುತ್ತಿದ್ದಾಗ, “ಹಿಂದಿರುಗಿ ಬರುವುದು ಹೇಗೆ, ಸ್ವಾಮಿ?” ಎಂದು ಕೇಳುವ ತಕರಾರಿನ ಮನುಷ್ಯ ಒಬ್ಬನೂ ಇರಲಿಲ್ಲ. ಕಡೆಗೆ ಸಂಘ ಬಾಗಿಲು ಹಾಕಿತು. ಅಕ್ಕನ ಮದುವೆಗೆಂದು ನಮ್ಮ ತಾಯಿ ಹಾಲು ಮಾರಿ ಕೂಡಿಟ್ಟ ಹಣ ಒಳಗೇ ಉಳಿಯಿತು. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಸಜ್ಜನಿಕೆಯೊಂದರಿಂದಲೇ ಸಂಸ್ಥೆ ನಡೆಯದೆಂಬುದನ್ನು ನಮ್ಮ ಮನೆ ಆಗ ಕಲಿಯಿತು.

ಹಾಗೆಂದು ಭಿನ್ನ ಸ್ವಭಾವದವರು ಸೇರಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ಬಂಡಿ ಮುರಿಯುವುದೇ ಸರಿ. ಗುರಿ ಒಂದಿರಬೇಕು, ನೋಟ ಹಲವಿರಬೇಕು. ಸಹಪಾಠಿಗಳೇ, ನಾಳೆ ಸಂಘವನ್ನೋ ಅಂಗಡಿಯನ್ನೋ ಕಟ್ಟುವವರು ನಾವೇ. ಆಗ ನಮ್ಮ ಮಾತಿಗೆ ತಲೆದೂಗುವ ಗೆಳೆಯರ ನಡುವೆ, “ಸ್ವಲ್ಪ ತಡೆಯಿರಿ” ಎನ್ನುವವನಿಗೂ ಒಂದು ಕುರ್ಚಿ ಹಾಕಿಸೋಣ.