ನಿಮ್ಮ ಮನೆಯಲ್ಲಿ ಬೆಕ್ಕುಗಳೆಷ್ಟು?

ಪಶುವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಉತ್ತರಿಸಲು ಅತ್ಯಂತ ಕಷ್ಟವಾದದ್ದು ಇದೇ. ಎತ್ತು, ಎಮ್ಮೆ ಸಾಕಿದವರಿಗೆ ಈ ತೊಂದರೆಯಿಲ್ಲ. ಕೊಟ್ಟಿಗೆಯ ಗೂಟ ಎಣಿಸಿದರೆ ಲೆಕ್ಕ ಸಿಗುತ್ತದೆ. ನಾಯಿಯಾದರೆ ಗೇಟಿನೊಳಗಿನದು ನಮ್ಮದು, ಹೊರಗಿನದು ಬೀದಿಯದು. ಬೆಕ್ಕಿಗೆ ಗೂಟವೂ ಇಲ್ಲ, ಗೇಟೂ ಇಲ್ಲ. ನಮ್ಮಲ್ಲಿ ಹಾಲಿಗೆ ಬರುವವು ಒಂದಿಷ್ಟು, ಮಲಗಲು ಬರುವವು ಒಂದಿಷ್ಟು, ಮೀನಿನ ದಿನ ಮಾತ್ರ ನೆಂಟಸ್ತಿಕೆ ಹೇಳಿಕೊಂಡು ಬರುವವು ಒಂದಿಷ್ಟು. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು? ನಾನು "ನಾಲ್ಕು" ಎಂದೆ. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಹೆಂಡತಿ "ಆರು" ಎಂದಳು. ವೈದ್ಯರು ಪೆನ್ನು ಕೆಳಗಿಟ್ಟರು.

ಬುಟ್ಟಿಯಲ್ಲಿ ಒಯ್ದಿದ್ದದ್ದು ಒಂದನ್ನೇ. ಮೂರು ಬಣ್ಣದ ಸುಂದರಿ ಹಗಲೂ ರಾತ್ರಿ ಕಿವಿ ಕೆರೆದುಕೊಂಡು, ತಲೆ ಒದರಿ ಒದರಿ, ಕಿವಿಯ ಹಿಂದಿನ ಕೂದಲನ್ನೆಲ್ಲ ಕಳೆದುಕೊಂಡಿದ್ದಳು. ಕಿವಿ ಮಡಿಸಿ ನೋಡಿದರೆ ಒಳಗೆ ಫಿಲ್ಟರಿನ ತಳದಲ್ಲಿ ಉಳಿದ ಕಾಫಿ ಗಸಿಯಂಥ ಕಪ್ಪು. ವೈದ್ಯರು ಹತ್ತಿಯಿಂದ ಅದನ್ನು ಒಂಚೂರು ತೆಗೆದು ಕಪ್ಪು ಕಾಗದದ ಮೇಲೆ ಸವರಿ ದೀಪದ ಕೆಳಗೆ ಹಿಡಿದರು. ಗಸಿಯ ನಡುವಿದ್ದ ಬಿಳಿ ಚುಕ್ಕೆಗಳು ಬೆಳಕು ಬಿದ್ದದ್ದೇ ನಡೆಯತೊಡಗಿದವು. ಇವೇ ಕಿವಿಯ ನುಸಿ, ಶಾಸ್ತ್ರೀಯ ಹೆಸರು ಓಟೊಡೆಕ್ಟಿಸ್ ಸೈನೋಟಿಸ್. ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ, ಕಾಲು ಎಂಟು, ಉಣ್ಣೆ ಮತ್ತು ಜೇಡದ ಬಳಗ. ಕಜ್ಜಿಯ ನುಸಿಯ ಹಾಗೆ ಇದು ಚರ್ಮ ಕೊರೆದು ಒಳಗಿಳಿಯುವುದಿಲ್ಲ. ಕಿವಿಯ ನಾಳದಲ್ಲೇ ಓಡಾಡಿಕೊಂಡು, ಉದುರಿದ ಚರ್ಮ, ಗುಗ್ಗೆ, ಒಸರಿದ ದ್ರವ ತಿಂದು ಬದುಕುತ್ತದೆ. ಹೀಗೇ ಬಿಟ್ಟರೆ ತಲೆ ಒದರುವ ರಭಸಕ್ಕೆ ಕಿವಿಯ ಹಾಳೆಯೊಳಗಿನ ರಕ್ತನಾಳ ಒಡೆದು, ಕಿವಿ ರಕ್ತ ತುಂಬಿಕೊಂಡು ಊದುತ್ತದೆ ಎಂದು ಹೇಳಿದ ವೈದ್ಯರು ತಲೆಗೆ ಹುಳ ಬಿಟ್ಟರು: "ಇವಳೊಬ್ಬಳಿಗೆ ಔಷಧಿ ಕೊಟ್ಟರೆ ದುಡ್ಡು ದಂಡ. ಮನೆಯ ಎಲ್ಲಕ್ಕೂ ಆಗಬೇಕು. ಹೇಳಿ, ಎಷ್ಟು?"

ಎಲ್ಲಕ್ಕೂ ಎಂದರೆ ಯಾವ ಎಲ್ಲಕ್ಕೂ? ಪಡಿತರ ಚೀಟಿಗೆ ಒಂದು ಮನೆ, ಆಸ್ತಿ ಪಾಲಿಗೆ ಇನ್ನೊಂದು, ಮದುವೆಯ ಊಟಕ್ಕೆ ಮತ್ತೊಂದು ಎಂದು ನಾವು ಮನುಷ್ಯರು ಮನೆಯನ್ನು ಬೇಕಾದ ಹಾಗೆ ಹಿಗ್ಗಿಸಿ ಕುಗ್ಗಿಸುತ್ತೇವೆ. ನುಸಿಗೆ ಆ ಗೊಂದಲವಿಲ್ಲ. ಮೈಗೆ ಮೈ ತಾಗಿಸಿ ಮಲಗುವವರೆಲ್ಲ ಅದಕ್ಕೆ ಒಂದೇ ಮನೆ. ತಾಯಿಯಿಂದ ಮರಿಗೆ, ನೆಕ್ಕುವ ಬೆಕ್ಕಿನಿಂದ ನೆಕ್ಕಿಸಿಕೊಳ್ಳುವ ಬೆಕ್ಕಿಗೆ, ಜೊತೆಗೆ ನಾಯಿಯಿದ್ದರೆ ಅದಕ್ಕೂ ದಾಟುತ್ತದೆ. ನಮ್ಮ ಸುಂದರಿಗೂ ಚಾಮಿಗೂ ಎಣ್ಣೆ ಸೀಗೆಕಾಯಿ, ತಟ್ಟೆಯ ಮುಂದೆ ಒಂದನ್ನು ಕಂಡರೆ ಇನ್ನೊಂದು ಬುಸುಗುಟ್ಟುತ್ತದೆ. ಆದರೆ ಡಿಸೆಂಬರಿನ ಚಳಿಗೆ ಅಟ್ಟದ ಗೋಣಿಚೀಲದ ಮೇಲೆ ಎರಡೂ ಒಂದೇ ಮುದ್ದೆಯಾಗಿ ಬಿದ್ದಿರುತ್ತವೆ. ಅವುಗಳ ರಾಜಿ ನಮಗೆ ತಿಳಿಯುವ ಮೊದಲೇ ನುಸಿಗೆ ತಿಳಿದಿತ್ತು. ಬೆಕ್ಕಿನ ಬಾಲದಲ್ಲೂ ನುಸಿ ಸಿಗುವುದುಂಟಂತೆ. ಸುರುಳಿ ಸುತ್ತಿ ಮಲಗಿದಾಗ ಬಾಲದ ತುದಿ ಬಂದು ಕೂರುವುದು ಕಿವಿಯ ಹತ್ತಿರವೇ ತಾನೆ.

ಇದರಲ್ಲಿ ದೊಡ್ಡ ತಲೆನೋವು ಕೆರೆದುಕೊಳ್ಳುವ ಬೆಕ್ಕಿನದಲ್ಲ, ಕೆರೆದುಕೊಳ್ಳದ ಬೆಕ್ಕಿನದು. ತುರಿಕೆ ಬರುವುದು ನುಸಿಯ ಸಂಖ್ಯೆಯಿಂದಲ್ಲ, ಅದಕ್ಕೆ ಮೈ ತೋರಿಸುವ ಪ್ರತಿಕ್ರಿಯೆಯಿಂದ. ನಾಲ್ಕೈದು ನುಸಿಗೇ ಹುಚ್ಚೆದ್ದು ಕುಣಿಯುವ ಬೆಕ್ಕಿದೆ, ಕಿವಿ ತುಂಬ ಸಂಸಾರ ಇಟ್ಟುಕೊಂಡು ಕದಲದ ಬೆಕ್ಕೂ ಇದೆ. ನಮ್ಮ ಭೀಮ ಎರಡನೆಯ ಜಾತಿ. ಆರು ಕೆಜಿಯ ಈ ಮಹಾಶಯ ಕಿಟಕಿಯ ಕಟ್ಟೆ ಬಿಟ್ಟು ಇಳಿಯುವವನಲ್ಲ, ಒಂದು ಸಲವೂ ಕಿವಿಗೆ ಕಾಲು ತಂದವನಲ್ಲ. ಅವನ ಕಿವಿ ನೋಡಿದಾಗ ಸುಂದರಿಯದಕ್ಕಿಂತ ಹೆಚ್ಚು ಗಸಿ ಅಲ್ಲೇ ಇತ್ತು. ಇಡೀ ಮನೆಗೆ ಹಂಚುತ್ತಿದ್ದವನು ಈ ಸಭ್ಯಸ್ಥ.

ಸುದ್ದಿ ಹೊರಬಿದ್ದ ಮೇಲೆ ಸಲಹೆಗೆ ಬರವೇ? ಅತ್ತೆಯವರು ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಎಂದರು. ನಮ್ಮ ಮನೆಯ ಮಕ್ಕಳ ಕಿವಿನೋವೆಲ್ಲ ಕಳೆದದ್ದು ಅದರಲ್ಲೇ. ತಿಪಟೂರು ಕಡೆ ತೋಟವಿರುವ ಭಾವ ಫೋನಿನಲ್ಲೇ ಔಷಧಿ ಬರೆಸಿದರು. ಕಳೆದ ಶತಮಾನದ ಕೊನೆಯಲ್ಲಿ ತೆಂಗಿಗೆ ನುಸಿ ಬಿದ್ದು ಕಾಯಿಗಳೆಲ್ಲ ಗಾಯದ ಕಲೆ ಹೊತ್ತು ಸಣ್ಣದಾದಾಗ ಅವರು ಬೇವಿನೆಣ್ಣೆ, ಬೆಳ್ಳುಳ್ಳಿ ರಸ, ಸೋಪು ಕಲಸಿ ಸಿಂಪಡಿಸಿದವರು. "ನುಸಿ ಅಂದಮೇಲೆ ನುಸಿ" ಎಂಬುದು ಅವರ ಸಿದ್ಧಾಂತ. ತೆಂಗಿನ ನುಸಿಗೆ ನಾಲ್ಕೇ ಕಾಲು, ಅದು ಬದುಕುವುದು ಎಳೆಗಾಯಿಯ ತೊಟ್ಟಿನಡಿ ಎಂದು ವಿವರಿಸಬಹುದಿತ್ತು. ಅದಕ್ಕಿಂತ ಮುಖ್ಯ ವ್ಯತ್ಯಾಸವೆಂದರೆ ತೆಂಗಿನಮರ ತನ್ನ ಮೈ ತಾನು ನೆಕ್ಕುವುದಿಲ್ಲ. ಬೆಕ್ಕು ನೆಕ್ಕುತ್ತದೆ, ಮತ್ತು ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಯ ಉಣ್ಣೆಗೆ ತಂದಿಟ್ಟ ಔಷಧಿಯನ್ನು ಎರಡು ಹನಿ ಹಾಕಿ ನೋಡಿ ಎಂದವರೂ ಇದ್ದರು. ಅಂಥ ಹಲವು ಔಷಧಿಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ನಾಯಿ ಅದನ್ನು ಅರಗಿಸಿಕೊಳ್ಳುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಶಕ್ತಿಯಿಲ್ಲ, ನಡುಕ ಹತ್ತಿ ಪ್ರಾಣವೇ ಹೋಗಬಹುದು. ಬರೀ ಎಣ್ಣೆಯೂ ನುಸಿಯ ಉಸಿರು ಕಟ್ಟಿಸುತ್ತದೆ, ನಿಜ. ಆದರೆ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಸುಮಾರು ಮೂರು ವಾರ ಬೇಕು. ಒಡೆಯದ ಮೊಟ್ಟೆಗಳು ಉಳಿದಿರುವಷ್ಟು ಕಾಲವೂ ದಿನ ತಪ್ಪದೆ ಎಣ್ಣೆ ಬಿಡುತ್ತಿರಬೇಕು. ಅಷ್ಟು ದಿನ ಕಿವಿ ಕೊಡುವ ಬೆಕ್ಕು ಇನ್ನೂ ಹುಟ್ಟಿಲ್ಲ.

ಹಾಗೆಂದು ಕಿವಿ ತೊಳೆಯುವುದು ತಪ್ಪುವುದಿಲ್ಲ. ಹಳೆಯ ಟವೆಲಿನಲ್ಲಿ ನಾಲ್ಕು ಕಾಲೂ ಒಳಗಾಗುವಂತೆ ಸುತ್ತಿ, ತಲೆ ಮಾತ್ರ ಹೊರಗಿಟ್ಟು, ಒಬ್ಬರು ಹಿಡಿಯಬೇಕು. ಇನ್ನೊಬ್ಬರು ಕಿವಿಯ ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ತೊಳೆಯುವ ದ್ರವವನ್ನು ಉಗುರುಬೆಚ್ಚಗೆ ಮಾಡಿ ಒಳಗೆ ಬಿಡಬೇಕು. ಬೆಕ್ಕಿನ ಕಿವಿಯ ನಾಳ ಮೊದಲು ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹತ್ತಿ ಕಡ್ಡಿ ತೂರಿಸಿದರೆ ಕೊಳೆ ಆ ತಿರುವಿಗೆ ಹೋಗಿ ಕೂರುತ್ತದೆ. ಅದಕ್ಕೇ ಕಿವಿಯ ಬುಡವನ್ನು ಹೊರಗಿನಿಂದ ತಿಕ್ಕಬೇಕು. ಪಚಕ್ ಪಚಕ್ ಎಂದು ಸದ್ದು ಕೇಳಿದರೆ ಸರಿಯಾಗಿದೆ ಎಂದರ್ಥ. ಆಗ ಒಂದು ತಮಾಷೆ ನಡೆಯುತ್ತದೆ. ಟವೆಲಿನೊಳಗೆ ಹಿಂಗಾಲು ತಾನಾಗಿ ಕೆರೆಯತೊಡಗುತ್ತದೆ. ನುಸಿಯಿರುವ ಕಿವಿಯನ್ನು ತಿಕ್ಕಿದರೆ ಕಾಲು ಹೀಗೆ ಆಡುವುದನ್ನು ವೈದ್ಯರು ಒಂದು ಸುಳಿವೆಂದೇ ನೋಡುತ್ತಾರೆ. ಭೀಮನ ಮುಖ ಎಂದಿನ ಗಾಂಭೀರ್ಯದಲ್ಲೇ ಇತ್ತು, ಕಾಲು ಮಾತ್ರ ಒಳಗುಟ್ಟು ಬಿಟ್ಟುಕೊಟ್ಟಿತು. ಸಡಿಲ ಬಿಟ್ಟ ಕೂಡಲೇ ಬೆಕ್ಕು ತಲೆ ಒದರುತ್ತದೆ. ಕರಿ ಹನಿಗಳು ಗೋಡೆಗೆ, ಕನ್ನಡಕಕ್ಕೆ, ಗೋಡೆಯ ಪಂಚಾಂಗಕ್ಕೆ ಸಮನಾಗಿ ಹಂಚಿಕೆಯಾಗುತ್ತವೆ.

ಆ ಗಸಿಯೊಳಗಿನ ಸಂಸಾರದ ಕಥೆ ಓದಿದರೆ ಸಿಟ್ಟು ಇಳಿದು ನಗು ಬರುತ್ತದೆ. ಗಂಡು ನುಸಿ ಇನ್ನೂ ಪ್ರಾಯಕ್ಕೆ ಬಾರದ ನುಸಿಯೊಂದನ್ನು ಹಿಡಿದು ಅಂಟಿಕೊಂಡು ಕಾಯುತ್ತದೆ. ಅದು ಪೊರೆ ಬಿಟ್ಟು ಹೆಣ್ಣಾಗಿ ಹೊರಬಂದರೆ ಮದುವೆ. ಗಂಡಾಗಿ ಬಂದರೆ ಇಷ್ಟು ದಿನ ಕಾದದ್ದು ವ್ಯರ್ಥ. ಜಾತಕ ತೋರಿಸುವ ಮೊದಲೇ ಛತ್ರ ಹಿಡಿದು ಕೂರುವವರು.

ಈ ನುಸಿ ಮನುಷ್ಯರಿಗೂ ಹತ್ತುತ್ತದೆಯೇ ಎಂದು ತಿಳಿಯಲು ಒಬ್ಬ ಪುಣ್ಯಾತ್ಮ ಅದನ್ನು ತನ್ನ ಕಿವಿಗೇ ಬಿಟ್ಟುಕೊಂಡ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಪೋರ್ಟಿನ ಪಶುವೈದ್ಯ ರಾಬರ್ಟ್ ಲೋಪೆಜ್ ಬೆಕ್ಕಿನ ಕಿವಿಯ ನುಸಿಯನ್ನು ತನ್ನ ಎಡಗಿವಿಯಲ್ಲಿಟ್ಟು, ಅವು ಪರಚುವ, ಓಡಾಡುವ ಸದ್ದು ಕೇಳುತ್ತ, ತುರಿಕೆ ತಡೆಯದೆ ರಾತ್ರಿಗಳನ್ನು ಕಳೆದ. ವಾಸಿಯಾದ ಮೇಲೆ ಮತ್ತೆ ಬಿಟ್ಟುಕೊಂಡ, ಆಮೇಲೆ ಇನ್ನೊಮ್ಮೆ. ಎರಡನೆಯ, ಮೂರನೆಯ ಸಲ ಬಾಧೆ ಕಡಿಮೆಯಿತ್ತಂತೆ. 1993ರಲ್ಲಿ ಅಲ್ಲಿನ ಪಶುವೈದ್ಯರ ಪತ್ರಿಕೆಯಲ್ಲಿ ಇದನ್ನು ಬರೆದ. ಮರುವರ್ಷ ಕೀಟಶಾಸ್ತ್ರದ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಬಹುಮಾನ ಅದು. ನಡುರಾತ್ರಿ ಸುಂದರಿ ಮಂಚದ ಕಾಲಿಗೆ ತಲೆ ಉಜ್ಜುವಾಗ "ಸುಮ್ಮನಿರೇ" ಎಂದು ಗದರುತ್ತಿದ್ದ ನಮ್ಮ ಮನೆಯಲ್ಲಿ ಈ ಕಥೆ ಕೇಳಿದ ಮೇಲೆ ಯಾರೂ ಗದರಲಿಲ್ಲ.

ನಿಜವಾದ ನೊಬೆಲ್‌ಗೂ ಇದರ ನಂಟಿದೆ. ಜಪಾನಿನ ಸತೋಶಿ ಒಮುರಾ 1970ರ ದಶಕದಲ್ಲಿ ಗಾಲ್ಫ್ ಮೈದಾನವೊಂದರ ಹತ್ತಿರದ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ಎಂಬ ಔಷಧಿ ಬಂತು. 2015ರಲ್ಲಿ ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ ವೈದ್ಯಕೀಯ ನೊಬೆಲ್ ಸಿಕ್ಕಿತು. ನಮ್ಮ ವೈದ್ಯರು ಕೊಟ್ಟ ಸೆಲಮೆಕ್ಟಿನ್ ಅದೇ ಮನೆತನದ್ದು. ಕಿವಿಯನ್ನು ಮುಟ್ಟಲೇಬೇಕಿಲ್ಲ, ನಾಲಿಗೆ ತಲುಪದ ಹಿಂಗತ್ತಿನಲ್ಲಿ ಕೂದಲು ಬಿಡಿಸಿ, ತೂಕಕ್ಕೆ ತಕ್ಕಷ್ಟು ಚರ್ಮದ ಮೇಲೆ ಬಿಟ್ಟರೆ ರಕ್ತಕ್ಕಿಳಿದು ಕಿವಿ ಮುಟ್ಟುತ್ತದೆ. ಒಂದು ತಿಂಗಳು ಬಿಟ್ಟು ನೋಡಿ, ಬೇಕಿದ್ದರೆ ಇನ್ನೊಮ್ಮೆ. ನಾಲ್ಕಕ್ಕೂ ಒಂದೇ ಸಂಜೆ ಮುಗಿಯಿತು.

ಉಳಿದದ್ದು ಹೆಂಡತಿಯ ಲೆಕ್ಕದ ಐದನೆಯದು, ಆರನೆಯದು. ಐದನೆಯ ಕೆಂಚ ಹಗಲು ನಮ್ಮವನು, ರಾತ್ರಿ ಹಿಂದಿನ ಮನೆಯವರ ಲಡ್ಡು. ಅವನ ಕಿವಿ ಉಳಿದರೆ ನಮ್ಮ ನಾಲ್ಕರ ಚಿಕಿತ್ಸೆಯೂ ನೀರುಪಾಲು. ಕಾಂಪೌಂಡಿನ ಮೇಲಿಂದ ಮಾತಾಡಿದೆವು. ಬುಟ್ಟಿ ಅವರದು, ಆಟೊ ನಮ್ಮದು, ಔಷಧಿಯ ದುಡ್ಡು ಅರ್ಧ ಅರ್ಧ. ಹೆಸರೇನು ಎಂದು ಕೇಳಿದ ವೈದ್ಯರಿಗೆ ಎರಡು ಉತ್ತರ ಸಿಕ್ಕವು. ಅವರು ಎರಡನ್ನೂ ಬಿಟ್ಟು "ಕಂದು ಗಂಡು, ಐದು ಕೆಜಿ" ಎಂದು ಬರೆದುಕೊಂಡರು. ಔಷಧಿಗೆ ಬೇಕಾದದ್ದು ತೂಕ ಒಂದೇ.

ಆರನೆಯವನು ಕರಿಯ, ಸೂರಿನ ಮೇಲಿನವನು, ಯಾರ ಕೈಗೂ ಸಿಗದವನು. ಅವನನ್ನು ಪುಸಲಾಯಿಸಲು ಎರಡೂ ಮನೆಯಿಂದ ಬಂಗುಡೆ ತಲೆಗಳು ಖರ್ಚಾದವು. ಕೊನೆಗೆ ಹತ್ತಿರ ಬಂದಾಗ ಹಿಂದಿನ ಮನೆಯಾಕೆ ಹೊಟ್ಟೆ ನೋಡಿ "ಇದು ಗಂಡಲ್ಲ, ತುಂಬಿದ ಬಸುರಿ" ಎಂದರು. ಈಗ ವೈದ್ಯರನ್ನು ಕೇಳಿ ತಾಯಿಗೆ ಮೊದಲು, ಮರಿಗಳಿಗೆ ಆರೆಂಟು ವಾರ ತುಂಬಿದ ಮೇಲೆ. ಅಷ್ಟರೊಳಗೆ ಮರಿಗಳು ಯಾರ ಮನೆಯವೆಂದು ತೀರ್ಮಾನ ಮಾಡೋಣ ಎಂಬುದು ಅವರ ಸಲಹೆ. ತೀರ್ಮಾನ ಹೇಗೂ ಕರಿಯವ್ವನದು. ನಾವು ತಕ್ಕಡಿ ಒಂದನ್ನು ಸಿದ್ಧವಿಟ್ಟುಕೊಂಡರೆ ಸಾಕು.