ಆಟಕ್ಕುಂಟು, ಲೆಕ್ಕಕ್ಕಿಲ್ಲ

ವೀಣೆ ನುಡಿಸುವವರ ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಯಲ್ಲಿ ತಂತಿ ಕೊರೆದ ಗೆರೆಗಳಿರುತ್ತವೆ. ನನ್ನ ಬೆರಳಲ್ಲೂ 13 ವರ್ಷ ಇದ್ದವು. ಬಸ್ಸಿನಲ್ಲಿ ಕೂತಾಗ, ಮೀಟಿಂಗಿನಲ್ಲಿ ಬೇಸರವಾದಾಗ ಹೆಬ್ಬೆರಳಿನಿಂದ ಅವನ್ನು ಸವರಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. ಹೋದ ವರ್ಷ ಮಳೆಗಾಲದ ಒಂದು ಸಂಜೆ ಹಾಗೆ ಸವರಿಕೊಂಡರೆ ಗೆರೆಗಳೇ ಇಲ್ಲ. ಬೆರಳ ತುದಿ ನುಣ್ಣಗಾಗಿತ್ತು. ಹೆಬ್ಬೆರಳ ಮೇಲೆ ಮಾತ್ರ ಸಣ್ಣದೊಂದು ದಡ್ಡು ಎದ್ದಿತ್ತು. ಅದು ವಿಡಿಯೋ ಗೇಮಿನ ಕಂಟ್ರೋಲರ್ ಒತ್ತಿ ಒತ್ತಿ ಬಂದದ್ದು.

ಅವತ್ತು ಮನೆಗೆ ಬಂದವನು ಮೂಲೆಯಲ್ಲಿದ್ದ ವೀಣೆಯ ಕಡೆ ನೋಡಲಿಲ್ಲ. ಅದಕ್ಕೆ ಅಮ್ಮ ಹೊಲಿದುಕೊಟ್ಟ ಹಸಿರು ಗವಸು ಹಾಕಿದ್ದೆ. ಗವಸು ಹಾಕಿದ ಮೇಲೆ ಅದು ಯಾರೋ ಹೊದ್ದು ಮಲಗಿದ ಹಾಗೆ ಕಾಣುತ್ತದೆ. ಎಬ್ಬಿಸುವುದಕ್ಕೆ ಧೈರ್ಯ ಬೇಕು.

ನಾನು ಕಲಿತದ್ದು ಮೈಸೂರಿನಲ್ಲಿ. ವೀಣೆ ಶೇಷಣ್ಣನವರ ಊರದು, ಅಲ್ಲಿ ವೀಣೆ ಕಲಿಯುತ್ತೇನೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಮೇಷ್ಟ್ರ ಮನೆಯ ನಡುಕೋಣೆಯಲ್ಲಿ ಚಾಪೆಯ ಮೇಲೆ ಕೂತು ಸರಳೆ ವರಸೆಯಿಂದ ಶುರು ಮಾಡಿದೆ. ಸಂಗೀತ ಕಲಿತವರಿಗೆಲ್ಲ ಈ ದಾರಿ ಗೊತ್ತು. ಮಾಯಾಮಾಳವಗೌಳದಲ್ಲಿ ಸರಳೆ, ಆಮೇಲೆ ಜಂಟಿ, ದಾಟು, ಏಳು ತಾಳಗಳಲ್ಲಿ ಅಲಂಕಾರ, ಮಲಹರಿಯ ಗೀತೆಗಳು, ಸ್ವರಜತಿ, ವರ್ಣ, ಕೊನೆಗೆ ಕೃತಿ. ಸರಳೆ ಒಂದನೇ ಕಾಲದಲ್ಲಿ ಬಂದರೆ ಎರಡನೇ ಕಾಲ, ಎರಡನೆಯದು ಬಂದರೆ ಮೂರನೆಯದು. ಈ ಪಾಠಕ್ರಮವನ್ನು ಕಟ್ಟಿದವರು ಪುರಂದರದಾಸರು ಎಂದು ಪರಂಪರೆ ನಂಬುತ್ತದೆ. ಈಗ ಯೋಚಿಸಿದರೆ ಅದು ಎಷ್ಟು ಜಾಣತನದ ಏಣಿ ಅನ್ನಿಸುತ್ತದೆ. ಒಂದು ಮೆಟ್ಟಿಲಿನ ಮೇಲೆ ನಿಂತರೆ ಮುಂದಿನ ಮೆಟ್ಟಿಲು ಮಾತ್ರ ಕಾಣುತ್ತದೆ, ಅದು ಕಾಲಿಗೆ ಎಟುಕುವಷ್ಟೇ ಎತ್ತರದಲ್ಲಿರುತ್ತದೆ. ತಪ್ಪಿದರೆ ತಪ್ಪಿದ್ದು ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ನಾನು ಸಿಕ್ಕಿಹಾಕಿಕೊಂಡದ್ದು ಏಣಿ ಮುಗಿದ ಜಾಗದಲ್ಲಿ. ಒಂದಷ್ಟು ಕೃತಿಗಳಾದ ಮೇಲೆ ಮೇಷ್ಟ್ರು, "ಇನ್ನು ಕಲ್ಪನಾಸ್ವರ ಹಾಕು" ಅಂದರು. ಕೃತಿಯ ಒಂದು ಸಾಲನ್ನು ಹಿಡಿದು, ಆ ರಾಗದ ಸ್ವರಗಳನ್ನು ಅಲ್ಲೇ ಕೂತಲ್ಲೇ ಹೆಣೆಯುತ್ತ, ತಾಳ ತಪ್ಪದೆ ಸರಿಯಾಗಿ ಆ ಸಾಲಿನ ಎಡುಪಿಗೆ ಬಂದು ಸೇರಬೇಕು. ಯಾವ ಸ್ವರ ಅಂತ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಅದು ಕಲ್ಪನೆ ಹೇಗಾದೀತು? ಮೇಷ್ಟ್ರ ಎದುರು ಹೇಗೋ ತಡವರಿಸಿಕೊಂಡು ಹಾಕುತ್ತಿದ್ದೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ಒಬ್ಬನೇ ಕೂತಾಗ ಅದೂ ನಿಂತಿತು. ಎರಡು ಆವರ್ತ ನುಡಿಸುವಷ್ಟರಲ್ಲಿ, ಇದನ್ನು ನೂರು ಸಲ ಯಾರೋ ನುಡಿಸಿದ್ದಾರೆ, ನೂರು ಪಟ್ಟು ಚೆನ್ನಾಗಿ ನುಡಿಸಿದ್ದಾರೆ ಅನ್ನಿಸುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಅಳಿಸಿ, ವೀಣೆ ಒರಗಿಸಿ ಏಳುತ್ತಿದ್ದೆ. ಕೂರುವುದು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು. ನವರಾತ್ರಿಗೆ ಮೇಷ್ಟ್ರ ಮನೆಯಲ್ಲಿ ಶಿಷ್ಯರೆಲ್ಲ ಸೇರಿ ನುಡಿಸುವ ರೂಢಿ. "ಈ ಸಲ ನೀನು ಸ್ವರ ಹಾಕಿ ಒಂದು ಕೃತಿ ನುಡಿಸು" ಎಂದು ಅವರೇ ಫೋನ್ ಮಾಡಿ ಹೇಳಿದರು. ಆಗಲಿ ಸರ್ ಅಂದವನು, ಎರಡು ದಿನ ಮುಂಚೆ ಆಫೀಸಿನ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಮೂರು ವರ್ಷ ಅವರಿಗೆ ಫೋನ್ ಮಾಡಲಿಲ್ಲ.

ಆಟ ಮನೆಗೆ ಬಂದದ್ದು ಅಕ್ಕನ ಮಗನಿಂದ. ಕಾಲೇಜಿಗೆಂದು ನಮ್ಮ ಮನೆಯಲ್ಲಿದ್ದ. "ಮಾಮ, ಇದೊಂದು ಆಡಿ ನೋಡಿ" ಎಂದು ನನ್ನ ಲ್ಯಾಪ್‌ಟಾಪಿಗೆ 'ಸೆಲೆಸ್ಟ್' ಅನ್ನುವ ಆಟ ಹಾಕಿಕೊಟ್ಟ. 2018ರಲ್ಲಿ ಬಂದ ಆಟ. ಮ್ಯಾಡಲಿನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತಬೇಕು, ಕಥೆ ಅಷ್ಟೇ. ಅವಳು ನೆಗೆಯಬಲ್ಲಳು, ಗೋಡೆಯನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಬಲ್ಲಳು, ಗಾಳಿಯಲ್ಲಿ ಒಂದು ಸಲ ಮುಂದಕ್ಕೆ ಚಿಮ್ಮಬಲ್ಲಳು. ಈ ಮೂರೇ ವಿದ್ಯೆಯಿಂದ ಮುಳ್ಳುಗಳ, ಕುಸಿಯುವ ಕಲ್ಲುಗಳ ನಡುವೆ ದಾರಿ ಮಾಡಿಕೊಳ್ಳಬೇಕು. ಬೆಟ್ಟವನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದಿದ್ದಾರೆ. ಬಹಳಷ್ಟು ಕೋಣೆಗಳು ಒಂದೇ ಪರದೆಯಲ್ಲಿ ಮುಗಿಯುತ್ತವೆ. ಸತ್ತರೆ ಕಣ್ಣು ಮಿಟುಕಿಸುವುದರೊಳಗೆ ಅದೇ ಕೋಣೆಯ ಬಾಗಿಲಲ್ಲಿ ಮತ್ತೆ ಹುಟ್ಟುತ್ತಾಳೆ. ಹಿಂದಿನ ಕೋಣೆಗಳನ್ನು ಮತ್ತೆ ದಾಟಬೇಕಿಲ್ಲ.

ಕಷ್ಟದ ಆಟವದು. ಒಂದು ರಾತ್ರಿ ಒಂದೇ ಕೋಣೆಯಲ್ಲಿ 60ಕ್ಕೂ ಹೆಚ್ಚು ಸಲ ಸತ್ತೆ. ಪಕ್ಕದಲ್ಲಿ ಓದುತ್ತ ಕೂತಿದ್ದ ಹುಡುಗ ತಲೆಯೆತ್ತಿ, "ಮಾಮ, ನಿಮಗೆ ಕೋಪ ಬರ್ತಿಲ್ವಾ?" ಅಂದ. ಬಂದಿರಲಿಲ್ಲ. ನಗುತ್ತಿದ್ದೆ. ಅವನು ಬಂದ ಹೊಸತರಲ್ಲಿ, ನಾನು ವೀಣೆ ನುಡಿಸುತ್ತಿದ್ದವನು ಅರ್ಧಕ್ಕೆ ಎದ್ದು ಬಾಗಿಲು ಜೋರಾಗಿ ಹಾಕಿಕೊಂಡದ್ದನ್ನು ನೋಡಿದ್ದ. ಅದನ್ನು ನೆನಪಿಟ್ಟುಕೊಂಡೇ ಕೇಳಿದನೋ ಏನೋ. ಪ್ರಶ್ನೆ ಮಾತ್ರ ನನ್ನೊಳಗೆ ಉಳಿಯಿತು. ಅಲ್ಲಿ 60 ಸಲ ಬಿದ್ದು ನಗುವವನು ಇಲ್ಲಿ ಎರಡು ಆವರ್ತಕ್ಕೆ ಯಾಕೆ ಬಾಗಿಲು ಹಾಕಿಕೊಳ್ಳುತ್ತೇನೆ?

ಬಹುಮಾನ ಸಿಗುವುದರಿಂದ ಆಟ ಹಿಡಿಸುತ್ತದೆ ಅನ್ನುವುದು ಮೊದಲು ಹೊಳೆದ ಉತ್ತರ. ಪಾಯಿಂಟು, ನಾಣ್ಯ, ಮೆಡಲ್ಲು ಇತ್ಯಾದಿ. ಸರಿ, ವೀಣೆಗೂ ಹಾಗೇ ಮಾಡೋಣವೆಂದು ದಿನಾ ಅಭ್ಯಾಸ ಮಾಡಿದರೆ ಹಸಿರು ಗುರುತು ಹಾಕುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. 41 ದಿನ ಸತತವಾಗಿ ಹಸಿರು ಗುರುತು ಬಿತ್ತು. ಆ 41 ದಿನ ನಾನು ನುಡಿಸಿದ್ದೇನು? ರಾತ್ರಿ ಹನ್ನೊಂದೂವರೆಗೆ ಗವಸು ತೆಗೆದು, ಕಣ್ಣು ಮುಚ್ಚಿಕೊಂಡೂ ಬರುವ ವರ್ಣವೊಂದನ್ನು ನುಡಿಸಿ, ಗುರುತು ಹಾಕಿ ಮಲಗುತ್ತಿದ್ದೆ. 42ನೇ ದಿನ ಜ್ವರ ಬಂದು ತಪ್ಪಿತು. ಸರಪಳಿ ಕಡಿಯಿತು, ಅದರೊಂದಿಗೆ ವೀಣೆಯೂ ಹೋಯಿತು.

ಇದರ ಬಗ್ಗೆ ಮನೋವಿಜ್ಞಾನದಲ್ಲಿ ಒಂದು ಹೆಸರಾಂತ ಪ್ರಯೋಗವಿದೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು 1973ರಲ್ಲಿ ಪ್ರಕಟಿಸಿದ್ದು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಸರ್ಟಿಫಿಕೇಟು ಕೊಡುತ್ತೇವೆಂದು ಮೊದಲೇ ಹೇಳಿದರು, ಕೊಟ್ಟರು ಕೂಡ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಎದುರಿಗಿಟ್ಟಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಹೇಳದೆ ಕೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಹಾಗೆ ಇಳಿದಿರಲಿಲ್ಲ. ನನ್ನ ಹಸಿರು ಗುರುತು ಮೊದಲೇ ಹೇಳಿ ಕೊಟ್ಟ ಸರ್ಟಿಫಿಕೇಟು.

ಸೆಲೆಸ್ಟ್‌ನಲ್ಲೂ ಬಹುಮಾನವಿದೆ. ದಾರಿಯಲ್ಲಿ ಅಲ್ಲಲ್ಲಿ, ಕೈಗೆ ಸುಲಭವಾಗಿ ಸಿಗದ ಜಾಗದಲ್ಲಿ ಸ್ಟ್ರಾಬೆರಿಗಳು ತೂಗುತ್ತಿರುತ್ತವೆ. ಅವುಗಳಿಂದ ಹೊಸ ಶಕ್ತಿ ಬರುವುದಿಲ್ಲ, ಬೆಟ್ಟ ಹತ್ತಲು ಬೇಕೂ ಇಲ್ಲ. ಗೆಳೆಯರ ಎದುರು ಹೆಚ್ಚುಗಾರಿಕೆ ಹೇಳಿಕೊಳ್ಳುವುದಕ್ಕೆ ಬಿಟ್ಟರೆ ಇವು ಯಾತಕ್ಕೂ ಬಾರವು ಎಂದು ಆಟವೇ ತಮಾಷೆಯಾಗಿ ಹೇಳಿಬಿಡುತ್ತದೆ. ಆದರೂ ಒಂದು ಹಣ್ಣಿಗೆ ಅರ್ಧ ಗಂಟೆ ಒದ್ದಾಡಿದ್ದೇನೆ. ಹಣ್ಣು ನೆಪ, ಆ ನೆಗೆತ ನನಗೆ ಬೇಕಿತ್ತು.

ಉತ್ತರದ ತುದಿ ಸಿಕ್ಕಿದ್ದು ಬೇರೆ ಕಡೆ. ಈ ಆಟ ಮಾಡಿದವರು ಅದರ ಒಳಗುಟ್ಟುಗಳನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅದರಲ್ಲೊಂದನ್ನು ಆಟ ತಯಾರಿಸುವವರು 'ಕಾಯೋಟಿ ಟೈಮ್' ಅನ್ನುತ್ತಾರೆ. ಹಳೆಯ ಕಾರ್ಟೂನಿನಲ್ಲಿ ಕಾಯೋಟಿ ಅನ್ನುವ ತೋಳದಂಥ ಪ್ರಾಣಿ ಬಂಡೆಯ ಅಂಚು ದಾಟಿ ಓಡಿದರೂ ತಕ್ಷಣ ಬೀಳದೆ ಗಾಳಿಯಲ್ಲೇ ಒಂದು ಕ್ಷಣ ನಿಲ್ಲುತ್ತದಲ್ಲ, ಆ ಹೆಸರು. ಮ್ಯಾಡಲಿನ್ ಅಂಚಿನಿಂದ ಜಾರಿದ ಮೇಲೂ, ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ಹೊತ್ತು, ಗುಂಡಿ ಒತ್ತಿದರೆ ಆಟ ನೆಗೆಯಲು ಬಿಡುತ್ತದೆ. ನೆಲ ಮುಟ್ಟುವ ಒಂದಿಷ್ಟು ಮುಂಚೆಯೇ ಗುಂಡಿ ಒತ್ತಿದ್ದರೂ ನೆನಪಿಟ್ಟುಕೊಂಡು ಮುಟ್ಟಿದ ಕೂಡಲೇ ನೆಗೆಸುತ್ತದೆ. ಮೂಲೆಗೆ ತಲೆ ತಗುಲಿದರೆ ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೇಲೆ ಬಿಡುತ್ತದೆ. ಆಡುವವನಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ನಾನೇ ಸರಿಯಾಗಿ ನೆಗೆದೆ ಅಂದುಕೊಳ್ಳುತ್ತಾನೆ.

ಇದನ್ನು ತಿಳಿದ ವಾರವೇ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮೇಷ್ಟ್ರ ಪಾಠದ ರೆಕಾರ್ಡಿಂಗ್ ಒಂದು ಸಿಕ್ಕಿತು. ನಾನು ಕಲ್ಪನಾಸ್ವರ ಶುರು ಮಾಡಿದ ದಿನಗಳದ್ದು. ನಾನು ಒರಟೊರಟಾಗಿ ಸ್ವರ ಹಾಕುತ್ತಿದ್ದೇನೆ, ಮೇಷ್ಟ್ರು ತೊಡೆ ತಟ್ಟಿ ತಾಳ ಹಾಕುತ್ತಿದ್ದಾರೆ. ಎರಡನೇ ಸಲ ಕೇಳುವಾಗ ತಾಳದ ಕಡೆ ಗಮನ ಹೋಯಿತು. ಲಯದ ವಿಷಯದಲ್ಲಿ ನಮ್ಮ ಮೇಷ್ಟ್ರು ಕಟ್ಟುನಿಟ್ಟು. ಆದರೆ ನಾನು ಎಡುಪಿಗೆ ತಡವಾಗಿ ಬರುತ್ತಿದ್ದ ಕಡೆಯಲ್ಲೆಲ್ಲ ಅವರ ಕೈ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ನನಗಾಗಿ ಕಾಯುತ್ತಿದ್ದರು. ನಾನು ಬಂದು ಸೇರಿದ ಕೂಡಲೇ "ಹಾಂ" ಅನ್ನುತ್ತಿದ್ದರು. ಎರಡು ವರ್ಷ ಆದಮೇಲಿನ ಇನ್ನೊಂದು ರೆಕಾರ್ಡಿಂಗಿನಲ್ಲಿ ಆ ಕಾಯುವಿಕೆ ಇಲ್ಲ. ಯಾವಾಗ ನಿಲ್ಲಿಸಿದರೋ ನನಗೆ ತಿಳಿಯದ ಹಾಗೆ ನಿಲ್ಲಿಸಿದ್ದರು.

ಸಣ್ಣವರಿದ್ದಾಗ ಬೀದಿಯಲ್ಲಿ ಆಡುವಾಗ ಯಾರದೋ ತಮ್ಮನೋ ತಂಗಿಯೋ ತಾನೂ ಬರುತ್ತೇನೆಂದು ಅಳುತ್ತಿದ್ದರೆ, 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವು. ಆ ಮಗು ಎಲ್ಲರ ಜೊತೆ ಓಡುತ್ತದೆ, ಕೂಗುತ್ತದೆ, ಅದನ್ನು ಮುಟ್ಟಿದರೂ ಔಟ್ ಇಲ್ಲ. ದೊಡ್ಡವರಾದ ಮೇಲೆ ಈ ಮಾತನ್ನು ಬೈಗುಳದ ಹಾಗೆ ಬಳಸುತ್ತೇವೆ. ಆಫೀಸಿನಲ್ಲಿ ಯಾರ ಮಾತಿಗೂ ಬೆಲೆಯಿಲ್ಲದವನನ್ನು ಹಾಗೆ ಕರೆಯುತ್ತೇವೆ. ಆದರೆ ನೆನಪು ಮಾಡಿಕೊಳ್ಳಿ, ಆ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದದ್ದು ಆ ಮಗುವೇ. ಮತ್ತು ಆಟ ಕಲಿಯುತ್ತಿದ್ದದ್ದೂ ಹಾಗೆಯೇ.

ಸೆಲೆಸ್ಟ್ ನನ್ನ ಸಾವುಗಳ ಲೆಕ್ಕ ಇಡುತ್ತದೆ. ಒಂದೊಂದು ಅಧ್ಯಾಯ ಮುಗಿದಾಗ ತೋರಿಸುತ್ತದೆ ಕೂಡ. ಆದರೆ ಅದನ್ನು ನನ್ನ ಮೇಲೆ ಹೊರಿಸುವುದಿಲ್ಲ, ಹೆಚ್ಚು ಸತ್ತಿದ್ದರೆ ಹೆಚ್ಚು ಕಲಿಯುತ್ತಿದ್ದೀಯ ಎಂಬ ಧಾಟಿಯಲ್ಲಿ ಮಾತಾಡಿಸುತ್ತದೆ. ವೀಣೆಯ ಮುಂದೆ ನಾನು ಒಂದೊಂದು ಸ್ವರವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದೆ. ಒಂದು ತಪ್ಪು ಸಂಚಾರ ಬಿದ್ದರೆ ಅದು 13 ವರ್ಷದ ಪಾಠದ ಮೇಲೆ, ಮೇಷ್ಟ್ರ ಮೇಲೆ, ನನಗೆ ಪ್ರತಿಭೆ ಇದೆಯೇ ಇಲ್ಲವೇ ಅನ್ನುವುದರ ಮೇಲೆ ತೀರ್ಪಾಗುತ್ತಿತ್ತು. ಅಷ್ಟು ಭಾರ ಹೊತ್ತು ಯಾರು ತಾನೇ ನೆಗೆಯುತ್ತಾರೆ? ತಡವಾಗಿ ಬಂದರೆ ಕಾಯುವ ಕೈಯೂ ಆ ಕೋಣೆಯಲ್ಲಿರಲಿಲ್ಲ.

ಎರಡು ತಿಂಗಳ ಹಿಂದೆ ವೀಣೆಗೆ ಹೊಸ ತಂತಿ ಹಾಕಿಸಿದೆ. ನನಗೆ ನಾನೇ ಒಂದು ಕೋಣೆ ಕಟ್ಟಿಕೊಂಡೆ. ಮೋಹನ ರಾಗ, ಆದಿತಾಳ, ಒಂದೇ ಒಂದು ಆವರ್ತ. ಗ, ಪ, ದ ಈ ಮೂರೇ ಸ್ವರ. ಎಂಟು ಎಣಿಕೆಯೊಳಗೆ ಹೇಗಾದರೂ ಓಡಾಡಿ, ಗಾಂಧಾರದಲ್ಲಿ ಶುರುವಾಗುವ ಸಾಲಿಗೆ ಬಂದು ಸೇರಬೇಕು. ತಪ್ಪಿದರೆ ನಿಲ್ಲಿಸಿ ಯೋಚಿಸುವಂತಿಲ್ಲ, ತಕ್ಷಣ ಮತ್ತೆ ಬಾಗಿಲಿನಿಂದ. ರೆಕಾರ್ಡ್ ಮಾಡುವಂತಿಲ್ಲ. ಮೊದಲ ದಿನ ಎಷ್ಟು ಸಲ ಬಿದ್ದೆನೋ ಎಣಿಸಲಿಲ್ಲ. ನಡುವೆ ಒಮ್ಮೆ ಗ ಪ ದ ಪ ಅನ್ನುವ ಸಾಮಾನ್ಯ ಜಾಡು ಬಿಟ್ಟು ಧೈವತದಲ್ಲೇ ಎರಡು ಎಣಿಕೆ ನಿಂತು, ಕೊನೆಯ ಕ್ಷಣಕ್ಕೆ ಇಳಿದು ಬಂದು ಸೇರಿದೆ. ಅದು ದೊಡ್ಡ ಸಂಗತಿಯೇನಲ್ಲ, ಯಾವ ಕಛೇರಿಯಲ್ಲೂ ಕೇಳಬಹುದು. ನಾನು ಮಾತ್ರ ಒಬ್ಬನೇ ನಕ್ಕೆ.

ಆಟಕ್ಕೂ ಇದಕ್ಕೂ ಇರುವ ಅಂತರ ಗೊತ್ತಿದೆ. ಆಟದ ಪ್ರತಿ ಕೋಣೆಗೂ ಆಚೆ ಬಾಗಿಲೊಂದನ್ನು ಯಾರೋ ಇಟ್ಟಿರುತ್ತಾರೆ, ದಾಟಲು ಬರುತ್ತದೆ ಎಂದು ಮೊದಲೇ ಪರೀಕ್ಷಿಸಿರುತ್ತಾರೆ. ನನ್ನ ಕೋಣೆಯನ್ನು ಯಾರೂ ಪರೀಕ್ಷಿಸಿಲ್ಲ. ಮೂರು ಸ್ವರದಿಂದ ಐದಕ್ಕೆ, ಒಂದು ಆವರ್ತದಿಂದ ನಾಲ್ಕಕ್ಕೆ ಹೋಗುವಷ್ಟರಲ್ಲಿ ಮತ್ತೆ ಸಿಕ್ಕಿಕೊಳ್ಳಬಹುದು. ಹಾಗಾದರೆ ಇನ್ನೊಂದು ಸಣ್ಣ ಕೋಣೆ ಕಟ್ಟಬೇಕು, ಅಷ್ಟೇ.

ಕಳೆದ ವಾರ ಮೇಷ್ಟ್ರಿಗೆ ಫೋನ್ ಮಾಡಿದೆ. ಮೂರು ವರ್ಷಕ್ಕೆ ಹೇಳಬೇಕಾದ ಕಾರಣಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವರು ಕೇಳಲಿಲ್ಲ. "ತಂತಿ ಹಾಕ್ಸಿದೀಯೇನಪ್ಪಾ?" ಅಂದರು. ಹಾಕ್ಸಿದೀನಿ ಸರ್, ಆದರೆ ಒಂದೇ ಆವರ್ತ ಸ್ವರ ಹಾಕ್ತಾ ಇದೀನಿ, ಅದೂ ಮೂರೇ ಸ್ವರ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮೂರು ಸಾಕಲ್ಲಯ್ಯ. ಈ ಭಾನುವಾರ ಬೇಡ, ಮನೇಲಿ ನಾಮಕರಣ ಇದೆ. ಮುಂದಿನ ಭಾನುವಾರ ಬಾ, ತಾಳ ಹಾಕ್ತೀನಿ" ಅಂದರು.

ಬೆರಳ ತುದಿ ಈಗ ಉರಿಯುತ್ತಿದೆ. ಗೆರೆ ಇನ್ನೂ ಮೂಡಿಲ್ಲ.